ತಿಕ್ಕಿದ ಚೂರಿ, ಖಾಲಿ ಒರೆ

ಕೋಥರೂಡ

ನನ್ನ ಹೆಂಡತಿ ಸರೋಜಾ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ನನ್ನ ಚೂರಿಯನ್ನು ಗಸಗಸ ತಿಕ್ಕಿ ತೊಳೆದ ಮರುದಿನ ನಾನು ಇಟಲಿಗೆ ಹೊರಟೆ. ಹೆಂಡತಿಯ ಮೇಲೆ ಸಿಟ್ಟಾಗಿ ಕಾಶಿಗೆ ಹೋದವರ ಕತೆ ನೀವು ಕೇಳಿರುತ್ತೀರಿ. ಇಟಲಿಗೆ ಹೋದವನು ನಾನೊಬ್ಬನೇ ಇರಬೇಕು. ಟಿಕೆಟ್ಟು ಎರಡು ತಿಂಗಳ ಮೊದಲೇ ಆಗಿತ್ತು ಅನ್ನುವುದು ಬೇರೆ ಮಾತು.

ಮೊದಲು ಚೂರಿಯ ಸಂಗತಿ ಹೇಳಿಬಿಡುತ್ತೇನೆ. ನಾನು ಗದಗಿನವನು. ಪುಣೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತನಾಗಿ ಸೇರಿ ಅಲ್ಲಿನ ಕೋಥರೂಡದಲ್ಲೇ ಮನೆ ಮಾಡಿ ತಲೆ ಬೆಳ್ಳಗೆ ಮಾಡಿಕೊಂಡವನು. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಹಳೆಯ ನಾಣ್ಯ. ನನಗೆ ಯುದ್ಧಕಾಲದ ಚೂರಿಗಳ ಹುಚ್ಚು. ಭಾನುವಾರ ಬಂತೆಂದರೆ ಸ್ಕೂಟರ್ ಏರಿ ಜುನಾ ಬಾಜಾರಿಗೆ ಓಟ. ಪುಣೆಯಲ್ಲಿ ಸೈನ್ಯದ ಡಿಪೋಗಳಿಗೆ ಬರವಿಲ್ಲ, ಸುತ್ತಲಿನ ಹಳ್ಳಿಗಳಲ್ಲಿ ಪಿಂಚಣಿ ತೆಗೆದುಕೊಂಡ ಸಿಪಾಯಿಗಳಿಗೂ ಬರವಿಲ್ಲ. ಅಜ್ಜ ಹೋದ ಮೇಲೆ ಅವರ ಟ್ರಂಕು ಮೊಮ್ಮಕ್ಕಳಿಗೆ ಬೇಡವಾಗುತ್ತದೆ, ಆ ಬಾಜಾರಿನ ಗೋಣಿತಟ್ಟಿನ ಮೇಲೆ ಬಂದು ಬೀಳುತ್ತದೆ. ಹಳೆಯ ನಲ್ಲಿ, ಕೆಟ್ಟ ರೇಡಿಯೋ, ಒಂಟಿ ಬೂಟುಗಳ ನಡುವೆ ನಾನು ಕುಕ್ಕರಗಾಲಲ್ಲಿ ಕೂತು ಹುಡುಕುತ್ತಿದ್ದೆ. ಹದಿನೈದು ವರ್ಷದಲ್ಲಿ ಹನ್ನೆರಡು ಚೂರಿ ಕೂಡಿದ್ದವು.

ಅವುಗಳಲ್ಲಿ ಒಂದು ಸಿಕ್ಕಿದ್ದು ತೊಂಬತ್ತಾರರ ಸುಮಾರಿಗೆ. ಗೇಣಿಗಿಂತ ಚಿಕ್ಕ ಅಲಗು, ಕಟ್ಟಿಗೆಯ ಹಿಡಿಕೆ, ಹಿಡಿಕೆಗೆ ಮೂರು ಮೊಳೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸಿಪಾಯಿಗಳು ಬೂಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ ಜಾತಿಯದು. ಅಲಗು ಹಿಡಿಕೆಗೆ ಸೇರುವಲ್ಲಿ 317 ಎಂದು ಒತ್ತಿದ ಗುರುತು. ಒರೆ ಮಾತ್ರ ಇರಲಿಲ್ಲ. “ಸಾತಾರ ಕಡೆಯ ಯಾವುದೋ ಹಳೆಯ ವಾಡೆ ಖಾಲಿ ಮಾಡಿದರು, ಅಲ್ಲಿಂದ ಬಂತು” ಎಂದ ಅಂಗಡಿಯವ, “ಘೇಊನ್ ಟಾಕಾ ಸಾಹೇಬ್”, ತಗೊಂಡುಬಿಡಿ ಸಾಹೇಬರೇ, ಎಂದು ನನ್ನ ಚೀಲಕ್ಕೆ ತಾನೇ ಹಾಕಿಬಿಟ್ಟ. ಒರೆಯಿಲ್ಲದ ಚೂರಿ ಅಂದರೆ ನಮ್ಮಂಥ ಹುಚ್ಚರಿಗೆ ಹಲ್ಲಿನೊಳಗೆ ಸಿಕ್ಕ ಅಡಿಕೆಚೂರಿದ್ದ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಮಗಳು ಅನಘಾ ಕಾಲೇಜಿಗೆ ಹೋಗುವ ಹೊತ್ತಿಗೆ ನಮ್ಮ ಸೊಸೈಟಿಯ ಎದುರಿಗೆ ಇಂಟರ್‌ನೆಟ್ ಕೆಫೆ ಬಂತು. ಅವಳ ಕೈಯಿಂದ, ಜಗತ್ತಿನ ಚೂರಿ ಹುಚ್ಚರೆಲ್ಲ ಸೇರುವ ಒಂದು ವೆಬ್‌ಸೈಟಿನಲ್ಲಿ ಫೋಟೋ ಹಾಕಿಸಿ, “317 ನಂಬರಿನ ಒರೆ ಯಾರ ಹತ್ತಿರವಾದರೂ ಇದೆಯೇ?” ಎಂದು ಬರೆಸಿದೆ. ಎರಡು ವರ್ಷ ಯಾರೂ ಹುಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಆಮೇಲೆ ಒಂದು ದಿನ ಅನಘಾ ಓಡುತ್ತ ಬಂದಳು.

“ಅಪ್ಪಾ, ಒರಿ ಸಿಕ್ಕದ! ಇಟಲಿಯೊಳಗ ಅದ!”

ಪತ್ರವನ್ನು ಅವಳು ಊಟದ ಹೊತ್ತಿಗೆ ಎಲ್ಲರೆದುರು ಓದಿದಳು. ಬರೆದವಳು ಕಿಯಾರಾ ಎಂಬ ಶಾಲಾ ಶಿಕ್ಷಕಿ, ತನ್ನ ಅಜ್ಜ ಎತ್ತೋರೆಯ ಪರವಾಗಿ. ಇದ್ದದ್ದು ಎರಡೇ ಸಾಲು. ‘317 ಎಂದು ಒತ್ತಿದ ಕಬ್ಬಿಣದ ಒರೆ ನನ್ನಜ್ಜನ ಬಳಿ ಇದೆ. ಅರವತ್ತು ವರ್ಷದಿಂದ ತನ್ನ ತಾಯಿಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾನೆ.’

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪತ್ರ ವ್ಯವಹಾರ. ನಾನು ಒರೆ ಕೇಳುವುದಿಲ್ಲ, ಅವರು ಚೂರಿ ಕೇಳುವುದಿಲ್ಲ. ಇಬ್ಬರೂ ಹವಾಮಾನ ವಿಚಾರಿಸುತ್ತೇವೆ. ಕೊನೆಗೆ ‘ಚೂರಿ ಹಿಡಿದುಕೊಂಡು ಒಮ್ಮೆ ಬನ್ನಿ, ಎರಡನ್ನೂ ಕೂಡಿಸಿ ನೋಡೋಣ’ ಎಂದು ಅವರು ಕರೆದರು. ನಾನೂ ಹೂಂ ಅಂದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಮುದುಕನೂ ನನ್ನಂಥ ಸಂಗ್ರಾಹಕನಿರಬೇಕು. ನನ್ನಲ್ಲಿರುವ ಬೇರೆ ಮೂರು ಚೂರಿಗಳ ಫೋಟೋ ತೋರಿಸುವುದು, ಆಸೆ ಹಚ್ಚುವುದು, ಅವುಗಳ ಬದಲಿಗೆ ಒರೆ ಹೊಡೆದುಕೊಂಡು ಬರುವುದು.

“ತರಾಕ ಹೊಂಟೀರೋ, ಕೊಡಾಕ ಹೊಂಟೀರೋ?” ಎಂದಳು ಸರೋಜಾ.

“ತರಾಕ! ಕೊಡಾಕ ಅಷ್ಟ ದೂರ ಯಾರರ ಹೋಗ್ತಾರೇನು?”



ಇಸವಿ ಎರಡು ಸಾವಿರದ ನಾಲ್ಕು, ದಸರೆ. ವಿಜಯದಶಮಿಯ ದಿನವೇ ವಿಮಾನ. ಮುಂಚಿನ ದಿನ ನವಮಿ, ನಮ್ಮ ಕಡೆಯ ಖಂಡೆ ಪೂಜೆ. ಮನೆಯ ಈಳಿಗೆ, ಕತ್ತರಿ, ಸ್ಕೂಟರ್, ಎಲ್ಲಕ್ಕೂ ಅರಿಷಿಣ ಕುಂಕುಮ. ನನ್ನ ಚೂರಿಗಳಿಗೆ ಮಾತ್ರ ನಾನು ಹಾಕಿದ ಕಟ್ಟುಪಾಡು ಬೇರೆ: ಕಾಗದದ ಮೇಲಿಟ್ಟು ಕಾಗದಕ್ಕೇ ಕುಂಕುಮ ಹಚ್ಚಬೇಕು, ಕಬ್ಬಿಣಕ್ಕೆ ನೀರು ಸೋಕಬಾರದು. ಹಳೆಯ ಕಬ್ಬಿಣದ ಮೇಲೆ ಕಾಲ ಕಟ್ಟಿದ ಕಂದು ಬಣ್ಣವೇ ಸಂಗ್ರಾಹಕನಿಗೆ ಪ್ರಾಣ. ಅದು ಹೋಯಿತೋ, ಚೂರಿ ನಿನ್ನೆ ಮೊನ್ನೆ ಬಾಜಾರಿನಿಂದ ತಂದದ್ದಾಗುತ್ತದೆ. ಈ ಪಾಠ ಮನೆಯಲ್ಲಿ ನೂರು ಸಲ ಮಾಡಿದ್ದೇನೆ.

ಆ ದಿನ ರಜೆಯ ಕಾಗದಕ್ಕೆ ಸಹಿ ಹಾಕಿಸಲು ಕಾರ್ಖಾನೆಗೆ ಹೋಗಿದ್ದೆ. ಬಂದು ನೋಡಿದರೆ ದೇವರ ಮುಂದೆ ಹನ್ನೊಂದು ಚೂರಿ ಎಂದಿನಂತೆ ಕಂದಗೆ ಮಲಗಿವೆ, ಹನ್ನೆರಡನೆಯದು ಹೊಸ ಸ್ಟೀಲಿನ ಲೋಟದ ಹಾಗೆ ಫಳಫಳ ಹೊಳೆಯುತ್ತಿದೆ. ಅದೇ 317.

“ಅಯ್ಯೋ ಸರೂ! ಏನ ಮಾಡಿದಿ ಇದನ್ನ?”

“ತಿಕ್ಕೀನ್ರಿ. ಎಷ್ಟ ಹೊಲಸಾಗಿತ್ತು! ಮಂದಿ ಮನಿಗೆ ಒಯ್ಯೂದು, ತುಕ್ಕ ಹಿಡದದ್ದ ಒಯ್ತೀರೇನು?”

“ಅದು ತುಕ್ಕಲ್ಲ ಮಾರಾಯ್ತಿ! ಅರವತ್ತ ವರ್ಷದ್ದು ಅದು!”

“ಅರವತ್ತ ವರ್ಷ ತಿಕ್ಕಿಲ್ಲಾ ಅಂತ ಮತ್ತ ಹೇಳ್ತೀರಲ್ರಿ, ನಾಚಿಕಿ ಬರಂಗಿಲ್ಲೇನು?” ಎಂದು ಅವಳು ಒಳಗೆ ಹೋಳಿಗೆಗೆ ಹೂರಣ ರುಬ್ಬಲು ಹೋದಳು.

ನಾನು ಆ ಹೊತ್ತು ಹೋಳಿಗೆ ಮುಟ್ಟಲಿಲ್ಲ. ಅಂದರೆ ಎರಡೇ ತಿಂದೆ. ಸಿಟ್ಟಿಗಿಂತ ದುಃಖ ಹೆಚ್ಚಾಗಿತ್ತು. ಈ ಚೂರಿ ನೋಡಿ ಆ ಇಟಲಿಯ ಸಂಗ್ರಾಹಕ ಬಿದ್ದು ಬಿದ್ದು ನಗುತ್ತಾನೆ, ಒರೆ ಕೊಡುವುದಂತೂ ದೂರ ಉಳಿಯಿತು ಎನ್ನಿಸಿತು.

ಮರುದಿನ ಮುಂಜಾನೆ ಸರೋಜಾ ನನ್ನ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆರಗಿದಳು. “ಬನ್ನಿ ತಗೊಂಡು ಬಂಗಾರದಾಂಗ ಇರೂಣ್ರಿ. ಸಿಟ್ಟ ಬಿಡ್ರಿ. ಇವತ್ತ ಸೀಮಿ ದಾಟೂ ದಿನ, ನೀವರೆ ಸಮುದ್ರಾನ ದಾಟಾಕ ಹೊಂಟೀರಿ.” ಇನ್ನೊಂದು ಹಿಡಿ ಬನ್ನಿಯನ್ನು ಕಾಗದದಲ್ಲಿ ಕಟ್ಟಿ ಅಜ್ಜನಿಗೆಂದು ಚೀಲಕ್ಕೆ ಹಾಕಿದಳು. ಜೊತೆಗೆ ದೊಡ್ಡದೊಂದು ಸ್ಟೀಲಿನ ಡಬ್ಬಿ, ಅದರ ತುಂಬ ಕರದಂಟು, ಶೇಂಗಾ ಚಟ್ನಿಪುಡಿ.

“ಡಬ್ಬಿ ಮರೀಬ್ಯಾಡ್ರಿ ಮತ್ತ,” ಎಂದಳು. ಗಂಡ ಇಟಲಿಗೆ ಹೋಗುತ್ತಿದ್ದಾನೆ, ಇವಳಿಗೆ ಡಬ್ಬಿಯ ಚಿಂತೆ.

ಮಿಲಾನ್ ವಿಮಾನ ನಿಲ್ದಾಣ

ದಾರಿಯುದ್ದಕ್ಕೂ ನನಗಿದ್ದದ್ದು ಚೂರಿಯ ಹೆದರಿಕೆ. ದೊಡ್ಡ ಪೆಟ್ಟಿಗೆಯ ತಳದಲ್ಲಿ ಧೋತರದೊಳಗೆ ಸುತ್ತಿ, ಮೇಲೊಂದು ಇಂಗ್ಲಿಷ್ ಪತ್ರ ಇಟ್ಟಿದ್ದೆ: ‘ಇದು ಹಳೆಯ ಯುದ್ಧದ ನೆನಪಿನ ವಸ್ತು, ನಾನು ಸಭ್ಯ ಮನುಷ್ಯ.’ ಹೆದರಿದಂತೆಯೇ ಮಿಲಾನಿನಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ತೆರೆಸಿದ. ಚೂರಿ ತೆಗೆದ, ಪತ್ರ ಓದಿದ, ಚೂರಿಯ ಹೊಳಪು ನೋಡಿ ಹುಬ್ಬೇರಿಸಿದ, ಸರಿ ಎಂದು ಬದಿಗಿಟ್ಟ. ಜೀವ ಬಂತು.

ಆಮೇಲೆ ಅವನ ಕೈಗೆ ಬನ್ನಿ ಎಲೆಯ ಪೊಟ್ಟಣ ಸಿಕ್ಕಿತು. ಬಿಚ್ಚಿದ, ಮೂಸಿದ, ನನ್ನ ಮುಖ ನೋಡಿದ.

“ಏನಿದು?”

ಹಿಂದಿನ ದಿನದಿಂದ ನಿದ್ದೆಯಿಲ್ಲ, ಬಾಯಲ್ಲಿ ದಸರೆಯ ಮಾತೇ ಇತ್ತು. “ಬಂಗಾರ,” ಎಂದುಬಿಟ್ಟೆ, ಇಂಗ್ಲಿಷಿನಲ್ಲಿ.

ಕಸ್ಟಮ್ಸಿನವನೆದುರು ಬಂಗಾರ ಎಂದರೆ ಏನಾಗಬೇಕೋ ಅದೇ ಆಯಿತು. ಇನ್ನಿಬ್ಬರು ಬಂದರು. ಪೆಟ್ಟಿಗೆಯ ಅಸ್ತರಿ ತಡವಿದರು, ಕರದಂಟು ಮುರಿದು ನೋಡಿದರು, ಚಟ್ನಿಪುಡಿಯಲ್ಲಿ ಚಮಚ ಆಡಿಸಿದರು. ಒಬ್ಬನಿಗೆ ಸೀನು ಹತ್ತಿ ಕಣ್ಣಲ್ಲಿ ನೀರು ಬಂತು. ನಾನು ಬೆವರುತ್ತ, ನಮ್ಮಲ್ಲಿ ಈ ಒಂದು ದಿನ ಈ ಎಲೆಯನ್ನೇ ಬಂಗಾರ ಎಂದು ಕೊಟ್ಟು ತೆಗೆದುಕೊಳ್ಳುತ್ತಾರೆ, ಕೊಟ್ಟ ಮೇಲೆ ಹಳೆಯ ಜಗಳ ಎಲ್ಲ ಮುಗಿದಂತೆ ಎಂದು ವಿವರಿಸಿದೆ. ಅವರಲ್ಲಿ ಹಿರಿಯನಾದವನು ಕೇಳಿ, ಗಂಭೀರನಾಗಿ ಎರಡು ಎಲೆ ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಹೆಂಡತಿಗಂತೆ. ಉಳಿದ ಎಲೆಗಳನ್ನು ಕಾಯಿದೆ ಪ್ರಕಾರ ಕಸದ ಬುಟ್ಟಿಗೆ ಹಾಕಿದರು. ಯುದ್ಧದ ಚೂರಿಗೆ ದಾರಿಯುಂಟು, ಶಮೀ ಪತ್ರೆಗೆ ಇಲ್ಲ. ನನ್ನ ಅಂಗಿಯ ಜೇಬಿನಲ್ಲಿ ಸರೋಜಾ ಕೊಟ್ಟ ನಾಲ್ಕೆಲೆ ಉಳಿದಿದ್ದವು. ಅವುಗಳ ಸುದ್ದಿ ನಾನೂ ಎತ್ತಲಿಲ್ಲ.

ಬೊಲೋನ್ಯ ದಾಟಿದ ರೈಲಿನಲ್ಲಿ

ಇಟಲಿಯಲ್ಲಿ ಟಿಕೆಟ್ಟು ಕೊಂಡರೆ ಸಾಲದು, ಪ್ಲಾಟ್‌ಫಾರ್ಮಿನ ಹಳದಿ ಡಬ್ಬಿಯೊಳಗೆ ತೂರಿಸಿ ಮುದ್ರೆ ಒತ್ತಿಸಿಕೊಂಡೇ ಹತ್ತಬೇಕು. ನನಗೇನು ಗೊತ್ತು? ಟಿ.ಸಿ. ಬಂದು ನನ್ನ ಬೋಳು ಟಿಕೆಟ್ಟು ನೋಡಿ ದಂಡದ ಪುಸ್ತಕ ತೆಗೆದ. ಆಗ ನೋಡಬೇಕಿತ್ತು. ಎದುರಿನ ಅಜ್ಜಿ ಹೆಣಿಗೆ ಬಿಟ್ಟು ಎದ್ದು ಅವನ ಮೇಲೆ ಹರಿಹಾಯ್ದಳು. ಕಿಟಕಿ ಪಕ್ಕದವನು ದನಿಗೂಡಿಸಿದ. ಆಚೆ ಬೋಗಿಯಿಂದ ಒಬ್ಬ ಪಾದ್ರಿ ಬಂದು ಸೇರಿಕೊಂಡರು. ಹತ್ತು ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಪುಣೆ ಮುಂಬಯಿ ರೈಲಿನಲ್ಲಿ ಪಾಸಿನವರು ಒಂದಾಗಿ ಟಿ.ಸಿ.ಯನ್ನು ಸುತ್ತುವರಿಯುತ್ತಾರಲ್ಲ, ಥೇಟ್ ಅದೇ. ಮಾತು ಒಂದೂ ತಿಳಿಯದಿದ್ದರೂ ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಕೊನೆಗೆ ಟಿ.ಸಿ. ಸೋತು, ಟಿಕೆಟ್ಟಿನ ಮೇಲೆ ಪೆನ್ನಿನಿಂದ ಗೀಚಿ, ಅಜ್ಜಿ ಕೊಟ್ಟ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಹೋದ.

ಇಳಿದ ಊರಿನಲ್ಲಿ ಮಧ್ಯಾಹ್ನ ಒಂದೂವರೆ. ಒಂದು ಗುಟುಕು ಚಹಾಕ್ಕೆ ಬೀದಿಯೆಲ್ಲ ಸುತ್ತಿದೆ. ಎಲ್ಲ ಅಂಗಡಿಗಳ ಬಾಗಿಲೂ ಮುಚ್ಚಿದ್ದವು. ನಾಲ್ಕರವರೆಗೆ ಯಾರೂ ತೆರೆಯುವುದಿಲ್ಲವಂತೆ, ಊಟ, ನಿದ್ದೆ. ಮಂದಿ ಪುಣೆಯ ವ್ಯಾಪಾರಿಗಳನ್ನು ಸುಮ್ಮನೆ ಆಡಿಕೊಳ್ಳುತ್ತಾರೆ. ಮಧ್ಯಾಹ್ನ ಗಿರಾಕಿಯ ಮುಖಕ್ಕೆ ಬಾಗಿಲು ಹಾಕುವ ಕಲೆಯಲ್ಲಿ ಅವರಿಗೆ ಇಲ್ಲಿ ಸ್ವಂತ ಅಣ್ಣತಮ್ಮಂದಿರಿದ್ದಾರೆ.

ಬೆಟ್ಟದೂರು, ಮೊದಲ ದಿನ

ಕಿಯಾರಾ ತನ್ನ ಪುಟ್ಟ ಕಾರಿನಲ್ಲಿ ಬಂದು ಕರೆದೊಯ್ದಳು. ಇಪ್ಪತ್ತೈದರ ಹುಡುಗಿ, ಎರಡೂ ಕೈ ಬಿಟ್ಟು ಮಾತಾಡುತ್ತ ಕಾರು ನಡೆಸುತ್ತಾಳೆ. ಸುತ್ತ ದ್ರಾಕ್ಷಿ ತೋಟ, ಮೇಲೆ ಹತ್ತಿದಂತೆ ಚೆಸ್ಟ್‌ನಟ್ ಮರಗಳ ಕಾಡು. ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಮನೆ, ಬಾಗಿಲಲ್ಲಿ ಎತ್ತೋರೆ ಅಜ್ಜ. ಗಿಡ್ಡ ಆಳು, ಬೆನ್ನು ಬಾಗಿದೆ, ಬಿಳಿ ಮೀಸೆ, ಕಣ್ಣು ಮಾತ್ರ ಗುಬ್ಬಿಯ ಹಾಗೆ ಚುರುಕು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಗದಗಿನ ಗಂಡಸಿಗೆ ಇದನ್ನು ಸಹಿಸುವುದು ಸುಲಭವಲ್ಲ.

ಒಳಗೆ ಕಾಲಿಟ್ಟವನೇ ನಾನು ಗೋಡೆ, ಕಪಾಟು, ಅಟ್ಟ ಎಲ್ಲದರ ಮೇಲೂ ಕಣ್ಣಾಡಿಸಿದೆ. ಸಂಗ್ರಹ ಎಲ್ಲಿ? ಒಂದೇ ಒಂದು ಯುದ್ಧದ ಸಾಮಾನಿಲ್ಲ. ಗೋಡೆಗೆ ಏಸುವಿನ ಪಟ, ಮೊಳೆಗೆ ದ್ರಾಕ್ಷಿ ಸವರುವ ನಾಲ್ಕಾರು ಕುಡಗೋಲು, ಅಷ್ಟೇ.

“ನಿಮ್ಮಜ್ಜ ಚೂರಿ ಸಂಗ್ರಹಿಸುವುದಿಲ್ಲವೇ?” ಎಂದು ಕಿಯಾರಾಳನ್ನು ಮೆಲ್ಲಗೆ ಕೇಳಿದೆ.

“ಚೂರಿ? ಇಲ್ಲವಲ್ಲ. ಅಜ್ಜನ ಹತ್ತಿರ ಆ ಒರೆ ಒಂದೇ ಇರುವುದು,” ಎಂದಳು.

ನನ್ನ ಲೆಕ್ಕಾಚಾರ ಅಲ್ಲೇ ಅರ್ಧ ಕುಸಿಯಿತು. ಸಂಗ್ರಾಹಕನಲ್ಲದವನಿಗೆ ಮೂರು ಚೂರಿಯ ಫೋಟೋ ತೋರಿಸಿ ಏನು ಆಸೆ ಹಚ್ಚುವುದು?

ಆ ಸಂಜೆ ಅಜ್ಜನೂ ಒರೆಯ ಮಾತೆತ್ತಲಿಲ್ಲ, ನಾನೂ ಚೂರಿಯ ಮಾತೆತ್ತಲಿಲ್ಲ. ಕನ್ಯೆ ನೋಡಲು ಬಂದ ಬೀಗರ ಹಾಗೆ ಮಳೆ, ಬೆಳೆ, ಮೊಣಕಾಲು ನೋವು ಎಂದು ಸುತ್ತಿ ಬಳಸಿ ಮಾತಾಡಿದೆವು. ನನಗೆ ನಾಚಿಕೆ ಬೇರೆ, ತಿಕ್ಕಿದ ಚೂರಿ ಹೇಗೆ ಹೊರಗೆ ತೆಗೆಯುವುದು? ಊಟಕ್ಕೆ ಕಿಯಾರಾ ಹಂಚಿನ ಮೇಲೆ ದಪ್ಪನೆಯ ಚಪಾತಿ ಸುಟ್ಟಳು. ಪಿಯಾದೀನಾ ಅನ್ನುತ್ತಾರೆ. ನನ್ನ ಅಮ್ಮ ಹಬ್ಬ ಮುಗಿದ ಮರುದಿನ ಬೇಸರದಿಂದ ಲಟ್ಟಿಸುತ್ತಿದ್ದ ಚಪಾತಿಯ ಅಳತೆ, ಅದೇ ದಪ್ಪ. ಜೊತೆಗೆ ಗೋವಿನಜೋಳದ ಹಿಟ್ಟು ಕುದಿಸಿ ಮಾಡಿದ ಸಂಗಟಿ. ಮಾಂಸ ಒಲ್ಲೆ ಅಂದದ್ದಕ್ಕೆ ಅಜ್ಜ ನನ್ನನ್ನು ಕಾಯಿಲೆಯವನೆಂದು ತಿಳಿದು ಇನ್ನಷ್ಟು ಸಂಗಟಿ ಬಡಿಸಿದ. ನಾನು ಡಬ್ಬಿ ತೆರೆದೆ. ಚಟ್ನಿಪುಡಿ ಹಚ್ಚಿಕೊಂಡು ಪಿಯಾದೀನಾ ತಿಂದ ಅಜ್ಜ ಕಣ್ಣೊರೆಸಿಕೊಂಡ.

“ಖಾರ ಹೆಚ್ಚಾಯಿತೇ?” ಎಂದೆ.

ಅಜ್ಜ ತಲೆಯಲ್ಲಾಡಿಸಿ ಏನೋ ಅಂದ. ಕಿಯಾರಾ ಅನುವಾದಿಸಿದಳು: “ಈ ವಾಸನೆ ಗೊತ್ತು ಅನ್ನುತ್ತಿದ್ದಾನೆ.”

ಬೆಟ್ಟದೂರು, ಎರಡನೆಯ ದಿನ

ಮುಂಜಾನೆ ಕಾಫಿ ಕುಡಿದ ಮೇಲೆ ಅಜ್ಜ ಎದ್ದು ಹೋಗಿ ತಾಯಿಯ ಹಳೆಯ ಕಪಾಟು ತೆರೆದ. ಮಡಿಚಿಟ್ಟ ಚಾದರಗಳ ಕೆಳಗಿಂದ ಕಸೂತಿ ಹಾಕಿದ ಒಂದು ಬಟ್ಟೆಯ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ಕಂದು ಕಬ್ಬಿಣದ ಒರೆ. ಬಾಯಿಯ ಹತ್ತಿರ 317.  ಹದಿನೈದು ವರ್ಷದಲ್ಲಿ ಯಾವ ಸಾಮಾನಿಗೂ ನಾನು ಹೀಗೆ ಆಸೆಪಟ್ಟಿರಲಿಲ್ಲ.

ಅಜ್ಜ ಮಾತ್ರ ಒರೆ ನನ್ನ ಕಡೆ ಸರಿಸಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಹೇಳತೊಡಗಿದ. ಕಿಯಾರಾ ಸಾಲು ಸಾಲಾಗಿ ಇಂಗ್ಲಿಷ್ ಮಾಡಿದಳು.

ಯುದ್ಧದ ಕೊನೆಯ ಚಳಿಗಾಲ. ಅವನಿಗೆ ಒಂಬತ್ತು ವರ್ಷ. ಜರ್ಮನರು ಬೆಟ್ಟ ಬಿಟ್ಟು ಓಡಿಹೋದರು, ಬ್ರಿಟಿಷರ ಸೈನ್ಯದಲ್ಲಿದ್ದ ಹಿಂದುಸ್ತಾನದ ಸಿಪಾಯಿಗಳು ಬಂದು ಇವರ ಕೊಟ್ಟಿಗೆಯಲ್ಲಿ ಇಳಿದುಕೊಂಡರು. ಕಾಲುವೆಯಲ್ಲಿ ಈ ಚೂರಿ ಒರೆ ಸಮೇತ ಇವನಿಗೆ ಸಿಕ್ಕಿತು. ಮೂರು ದಿನ ಸೇನಾಪತಿಯ ಹಾಗೆ ಹೊಲವೆಲ್ಲ ತಿರುಗಿದ. ನಾಲ್ಕನೆಯ ದಿನ ಎಡಗೈ ಕೊಯ್ದುಕೊಂಡ. ಅಜ್ಜ ಅಂಗೈ ತೋರಿಸಿದ, ಗುರುತು ಇನ್ನೂ ಇತ್ತು. ದೊಡ್ಡ ಮೀಸೆಯ ಒಬ್ಬ ಸಿಪಾಯಿ ಓಡಿಬಂದು ತನ್ನ ಬಟ್ಟೆ ಹರಿದು ಕೈಗೆ ಕಟ್ಟಿದ. ಆಮೇಲೆ ಚೂರಿಯನ್ನು ಒರೆಯಿಂದ ಎಳೆದು ತನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ಹುಡುಗ ಊರು ಕೇಳುವಂತೆ ಅತ್ತ. ಸಿಪಾಯಿ ಕೂತು, ಖಾಲಿ ಒರೆಯನ್ನು ಹುಡುಗನ ಕೈಯಲ್ಲಿಟ್ಟು, ಎದ್ದು ನಿಂತು ತನ್ನ ಕೈಯನ್ನು ನೆಲದಿಂದ ಇಷ್ಟೆತ್ತರಕ್ಕೆ ಎತ್ತಿ ತೋರಿಸಿದ. ನೀನು ಇಷ್ಟಾದ ಮೇಲೆ ಕೊಡುತ್ತೇನೆ ಎಂದು. ಚಳಿಗಾಲ ಮುಗಿದು ದಂಡು ಮುಂದೆ ಹೋಯಿತು, ಚೂರಿಯೂ ಅವನ ಜೊತೆ ಹೋಯಿತು.

“ಹೆಸರು?” ಎಂದೆ.

“ದಾದಾ,” ಎಂದ ಅಜ್ಜ ಹೆಮ್ಮೆಯಿಂದ. “ಎಲ್ಲರೂ ಅವನನ್ನು ದಾದಾ ಅನ್ನುತ್ತಿದ್ದರು. ನಿಮಗೆ ಪರಿಚಯವೇ?”

ದಾದಾ ಅಂದರೆ ಮರಾಠಿಯಲ್ಲಿ ಅಣ್ಣ. ಪುಣೆಯಲ್ಲಿ ಆ ಹೆಸರು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಅದನ್ನು ಹೇಳಲು ಮನಸ್ಸಾಗಲಿಲ್ಲ. “ನಮ್ಮ ಕಡೆಯವರೇ,” ಎಂದೆ.

ಅಜ್ಜ ನಕ್ಕ. “ನನ್ನ ಅಮ್ಮನಿಗೆ ಅವರ ಮೇಲೆ ಭಾರಿ ಅಭಿಮಾನ. ರೊಟ್ಟಿ ಸುಡಲು ಅಮ್ಮನ ಹಂಚು ಎರವಲು ಒಯ್ಯುತ್ತಿದ್ದರು. ಸಂಜೆಗೆ ದಾದಾ ಅದನ್ನು ಬೂದಿ ಹಾಕಿ ತಿಕ್ಕಿ, ಕನ್ನಡಿಯ ಹಾಗೆ ಹೊಳೆಸಿ ತಂದು ಕೊಡುತ್ತಿದ್ದ. ಖಾಲಿ ಹಂಚು ಒಂದು ದಿನವೂ ಕೊಡಲಿಲ್ಲ. ಅದರ ಮೇಲೆ ಎರಡು ರೊಟ್ಟಿ, ಇಲ್ಲವೇ ಒಂದು ಚಿಟಿಕೆ ಸಕ್ಕರೆ. ಆ ಬರಗಾಲದಲ್ಲಿ! ಬೇರೆಯವರ ಸಾಮಾನು ಹೀಗೆ ಹಿಂದಿರುಗಿಸಬೇಕು ನೋಡು ಎಂದು ಅಮ್ಮ ಸಾಯುವವರೆಗೂ ನನಗೆ ಹೇಳುತ್ತಿದ್ದಳು.”

ಕಿಯಾರಾ ಅನುವಾದ ಮುಗಿಸಿದಳು. 

ಸರೋಜಾ ನೆರೆಮನೆಯ ಬೋಗುಣಿ ಹಿಂದಕ್ಕೆ ಕೊಡುವಾಗ ಖಾಲಿ ಕೊಟ್ಟದ್ದನ್ನು ನಾನು ನೋಡಿಲ್ಲ. ನನ್ನ ಅಮ್ಮನೂ ಕೊಟ್ಟವಳಲ್ಲ. ಮಂದಿ ಸಾಮಾನು ತಿಕ್ಕಿ ತೊಳೆದು ಕೊಡಬೇಕು, ಖಾಲಿ ಕೊಡಬಾರದು. ಹನ್ನೆರಡು ಚೂರಿಯಲ್ಲಿ ಅವಳು ಒಂದನ್ನೇ ಯಾಕೆ ತಿಕ್ಕಿದಳು ಎಂದು ನಾನು ಒಮ್ಮೆಯಾದರೂ ಕೇಳಿದ್ದೆನೇ? ಎಲ್ಲಾ ಗೊತ್ತು ಎಂದು ಮೆರೆಯುವ ಸಂಗ್ರಾಹಕ ನಾನು. ಎರಡು ಸಾಲಿನ ಪತ್ರ ಕೇಳಿದ ದಿನವೇ ಅವಳಿಗೆ ಇದು ಯಾರ ಸಾಮಾನು ಎಂದು ತಿಳಿದುಹೋಗಿತ್ತು. ಅದರ ಜೊತೆಗೆ ಡಬ್ಬಿ ತುಂಬಿಸಿ ಕೊಟ್ಟಿದ್ದಳು. ನಾಚಿಕೆ, ನಗು ಎರಡೂ ಒಟ್ಟಿಗೇ ಬಂದವು.

ಆಸೆಯೂ ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ? ಒರೆ ಕೈಯಳತೆಯಲ್ಲಿತ್ತು. ಮುದುಕ ಒಳ್ಳೆಯವನು, ಪಟ್ಟುಹಿಡಿದು ಕೇಳಿದ್ದರೆ ಇಲ್ಲ ಅನ್ನುತ್ತಿರಲಿಲ್ಲ. ಎದ್ದು ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ಸ್ವಲ್ಪ ಹೊತ್ತು ಚೂರಿ ಹಿಡಿದು ಕೂತೆ. ಆಮೇಲೆ ಹೊರಗೆ ತಂದೆ. ನಮ್ಮಲ್ಲಿ ಚೂರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎಂದು. ಮೇಜಿನ ಮೇಲಿಟ್ಟೆ.

ಕಿಟಕಿಯ ಬಿಸಿಲಿಗೆ ಅದು ಫಳ್ಳನೆ ಹೊಳೆಯಿತು. ಅಜ್ಜ ಕೂಗಿಯೇಬಿಟ್ಟ. ಕಿಯಾರಾಳ ತೋಳು ಹಿಡಿದು ಅಲ್ಲಾಡಿಸಿದ.

“ಇದೇ, ಇದೇ ಅನ್ನುತ್ತಿದ್ದಾನೆ,” ಎಂದಳು ಅವಳು. “ಫೋಟೋದಲ್ಲಿ ಕಂದಗೆ ಕಂಡಿತ್ತು, ಗುರುತೇ ಸಿಕ್ಕಿರಲಿಲ್ಲವಂತೆ. ಅದು ಹೀಗೇ ಹೊಳೆಯುತ್ತಿತ್ತು ಅನ್ನುತ್ತಿದ್ದಾನೆ.”

ಅಜ್ಜ ಕೈಚಾಚಿದ. ನಾನು ತಡೆದೆ. “ಹಾಗೆ ಅಲ್ಲ. ಮೊದಲು ಎದ್ದು ನಿಲ್ಲಬೇಕು.” ದಾದಾ ಮಾಡಿದ ಹಾಗೆ ನನ್ನ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದೆ, ಒಬ್ಬ ದೊಡ್ಡ ಆಳಿನ ಎತ್ತರಕ್ಕೆ.

ಅಜ್ಜನಿಗೆ ಅನುವಾದ ಬೇಕಾಗಲಿಲ್ಲ. ಎದ್ದ. ಅಂಗಿ ಸರಿಮಾಡಿಕೊಂಡ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ ನನ್ನ ಅಂಗೈ ಕೆಳಗೆ ಬಂದು ನಿಂತ. ನಾಲ್ಕು ಬೆರಳು ಕಡಿಮೆ ಬಿತ್ತು. ತುದಿಗಾಲಲ್ಲಿ ನಿಂತ. ಆಗಲೂ ಎರಡು ಬೆರಳು ಕಡಿಮೆ. ಕಿಯಾರಾ ನಗು ತಡೆಯಲಾರದೆ ಬಾಯಿಗೆ ಕೈಯಿಟ್ಟುಕೊಂಡಿದ್ದಳು, ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ನಾನು ಕೈಯನ್ನು ಮೆಲ್ಲಗೆ ಇಳಿಸಿದೆ. ಅದು ಆ ಬಿಳಿ ತಲೆಯನ್ನು ಮುಟ್ಟಿತು.

“ಸಾಕು, ದೊಡ್ಡವರಾಗಿದ್ದೀರಿ. ತೆಗೆದುಕೊಳ್ಳಿ,” ಎಂದೆ.

ಅಜ್ಜ ಚೂರಿಯನ್ನು ಒರೆಯೊಳಗೆ ಇಳಿಸಿದ. ಟಕ್ ಎಂದು ಕೂತಿತು. ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. ಆ ದಿನವೆಲ್ಲ ಅದೇ ಶಬ್ದ. ಮಧ್ಯಾಹ್ನದ ನಿದ್ದೆಗೆ ಮಲಗಿದಾಗಲೂ ಕೋಣೆಯೊಳಗಿಂದ ಟಕ್, ಟಕ್ ಕೇಳುತ್ತಿತ್ತು. ಜೇಬಿನ ನಾಲ್ಕು ಬನ್ನಿ ಎಲೆಗಳನ್ನೂ ಕೊಟ್ಟೆ. ಒಣಗಿದ್ದವು. ಬಂಗಾರ ಎಂದೆ. ಅಜ್ಜ ನಂಬಿದ.

ಮತ್ತೆ ಕೋಥರೂಡ

ಹೊರಡುವ ದಿನ ಅಜ್ಜ ಸರೋಜಾಳ ಡಬ್ಬಿ ತಂದುಕೊಟ್ಟ. ಒಳ್ಳೆ ಭಾರ, ಮುಚ್ಚಳಕ್ಕೆ ಸುತ್ತಲೂ ಟೇಪು. “ಮನೆಯಲ್ಲೇ ತೆರೆಯಬೇಕಂತೆ, ಅದೂ ನಿಮ್ಮ ಹೆಂಡತಿಯೇ,” ಎಂದಳು ಕಿಯಾರಾ. ಪೆಟ್ಟಿಗೆಯಲ್ಲಿ ಚೂರಿಯಿದ್ದ ಜಾಗದಲ್ಲೇ ಅದನ್ನಿಟ್ಟೆ.

ಮನೆಯ ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಮಾತು ಜೋಡಿಸುತ್ತ ಬಂದೆ. ಬಾಗಿಲು ತೆಗೆದ ಸರೋಜಾ ಕೇಳಿದ್ದು ಒಂದೇ ಮಾತು.

“ಮುಟ್ಟಿತೇನ್ರಿ ಅವರ ಸಾಮಾನು ಅವರಿಗೆ?”

“ಮುಟ್ಟಿತು. ನಿನಗ ಮೊದಲ ಗೊತ್ತಿತ್ತಲ್ಲ, ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಹೋಗತಿದ್ರೇನು? ಖಾಲಿ ಒರಿ ಅರವತ್ತ ವರ್ಷ ಯಾರರ ಸುಮ್ಮನ ಇಟ್ಕೋತಾರೇನ್ರೀ? ಚೂರಿ ಬರತದ ಅಂತನ ಇಟ್ಟಿದ್ದರು.” ಮತ್ತೆ, “ಡಬ್ಬಿ ತಂದೀರಿಲ್ಲೋ?”

ಟೇಪು ಕಿತ್ತು ಮುಚ್ಚಳ ತೆಗೆದಳು. ಡಬ್ಬಿ ಹೊಳೆಯುತ್ತಿತ್ತು. ಒಳಗೆ ಗುಂಡಗುಂಡನೆ ಚೆಸ್ಟ್‌ನಟ್ ತುಂಬಿದ್ದವು.

“ನೋಡ್ರಿ, ತೊಳದು ತುಂಬಿಸಿ ಕೊಟ್ಟಾರ! ಚೊಲೋ ಮನಿತನದವರು,” ಎಂದು ಹಿಗ್ಗಿದಳು. ಪರಾತಕ್ಕೆ ಸುರಿದಾಗ ಕಾಯಿಗಳ ನಡುವಿನಿಂದ ಕಸೂತಿ ಬಟ್ಟೆಯ ಗಂಟೊಂದು ಉರುಳಿಬಿತ್ತು.

ನಾನೇ ಬಿಚ್ಚಿದೆ. ಒಳಗೆ 317ರ ಒರೆ. ಒರೆ ಮಾತ್ರ, ಖಾಲಿ. ಜೊತೆಗೆ ಕಿಯಾರಾಳ ಕೈಬರಹದ ಚೀಟಿ. ಅನಘಾ ಓದಿದಳು: ‘ಅಜ್ಜ ಹೇಳುತ್ತಾನೆ, ಚೂರಿ ನನ್ನ ಹತ್ತಿರ ಇರಲಿ, ಒರೆ ನಿಮ್ಮಲ್ಲಿರಲಿ. ಎರಡೂ ಒಂದೇ ಮನೆಯಲ್ಲಿದ್ದರೆ ಯಾರೂ ಯಾರ ಮನೆಗೂ ಬರುವುದಿಲ್ಲ.’

ಅಂತೂ ನಾನು ಹೇಳಿದ ಮಾತಿನಂತೆ ಒರೆ ತಂದೆ. ಚೂರಿಯಿಲ್ಲದ ಒರೆ ಇಟ್ಟುಕೊಂಡ ಚೂರಿ ಸಂಗ್ರಾಹಕ ಪುಣೆಯಲ್ಲಿ ನಾನೊಬ್ಬನೇ ಇರಬೇಕು. ಜುನಾ ಬಾಜಾರಿನ ಗೆಳೆಯರು ಕೇಳಿ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಒರೆಯನ್ನು ಕಪಾಟಿನಲ್ಲಿ ಹನ್ನೊಂದು ಚೂರಿಗಳ ಮೇಲಿನ ಅರೆಯಲ್ಲಿಟ್ಟೆ. ಎಷ್ಟು ಚೆಂದದ ಕಂದು ಬಣ್ಣ ಅಂತೀರಿ, ಅರವತ್ತು ವರ್ಷ ಕಪಾಟಿನ ಕತ್ತಲಲ್ಲಿ ಪಕ್ವವಾದದ್ದು. ಯಾವ ಸಂಗ್ರಾಹಕನೂ ಕಣ್ಣಿಗೊತ್ತಿಕೊಳ್ಳಬೇಕು.

ವರ್ಷ ತಿರುಗಿ ಮತ್ತೆ ಖಂಡೆ ಪೂಜೆ ಬಂತು. ನಾನು ಕಾಗದ ಹಾಸಿ ಒಂದೊಂದೇ ಚೂರಿ ಇಡುತ್ತಿದ್ದೆ. ಸರೋಜಾ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ನೆನೆಸಿದ ಹುಣಸೆಹಣ್ಣು, ಇನ್ನೊಂದು ಕೈಯಲ್ಲಿ ಒರೆ. ಈ ಸಲ ಕೇಳದೆ ಮುಟ್ಟುವುದು ಬೇಡ ಎಂದುಕೊಂಡಿರಬೇಕು.

“ಏನ್ರೀ, ಇದನ್ನ ತಿಕ್ಕಲೇನು, ಬ್ಯಾಡೋ?”

ನಾನು ಆ ಕಂದು ಬಣ್ಣವನ್ನು ಕೊನೆಯ ಸಲ ಕಣ್ತುಂಬ ನೋಡಿಕೊಂಡೆ.

“ತಿಕ್ಕು,” ಎಂದೆ. “ಚೊಲೋತ್ನಾಗ ತಿಕ್ಕು. ಮಂದಿ ಸಾಮಾನದು.”